ತಾಳೆಯಾದ ಗೆಲಾಕ್ಸಿಗಳು

ನಮ್ಮ ಹೆಡ್‌ಮಾಸ್ತರ್ ಬಸವಣ್ಣೆಪ್ಪನವರಿಗೆ ತಾಳೆಯಾಗದ ಅಂಕಿ ಕಂಡರೆ ಮೈಯೆಲ್ಲ ಉರಿ. ಹಾಜರಿ, ಬಿಸಿಯೂಟ, ಮೊಟ್ಟೆ, ಎಲ್ಲ ಒಂದಕ್ಕೊಂದು ಕೂಡಲೇಬೇಕು. ಇನ್‌ಸ್ಪೆಕ್ಷನ್ನಿಗೆ ಬಂದವರು ಚಹಾ ಕುಡಿದು, ಹೊಗಳಿ ಹೋಗುತ್ತಾರೆ. ಆ ಚಟ ಆಕಾಶಕ್ಕೂ ಹತ್ತುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಪುಣೆಯ ಸಂಶೋಧಕರು ಶಿಗ್ಗಾವಿಯ ನಮ್ಮ ಶಾಲೆಗೆ ದೂರದರ್ಶಕದ ಚಿತ್ರಗಳನ್ನು ಕಳಿಸಿದ್ದರು. ಅವುಗಳಲ್ಲಿ ಮಸುಕು ಕೆಂಪು ಚುಕ್ಕೆಗಳು. ಒಂದೊಂದೂ ಒಂದು ಗೆಲಾಕ್ಸಿ. ಅದರ ಬೆಳಕು ಹೊರಟು ಸಾವಿರದ ಮುನ್ನೂರು ಕೋಟಿ ವರ್ಷವಾಗಿದೆ. ಅವನ್ನು ಎಣಿಸಿ, ಬೆಳಕನ್ನು ಅಳೆದು, ಜಗತ್ತು ಇನ್ನೂ ಕೂಸಾಗಿದ್ದಾಗ ಎಷ್ಟು ನಕ್ಷತ್ರ ಹುಟ್ಟುತ್ತಿದ್ದವೆಂದು ಅವರು ಲೆಕ್ಕ ಹಾಕುತ್ತಾರೆ. ಒಂದೇ ಚಿತ್ರವನ್ನು ನಾಲ್ಕು ಮಕ್ಕಳು ಬೇರೆಬೇರೆ ಕೂತು ಎಣಿಸಬೇಕು. ಒಬ್ಬರಿಗೆ ಹನ್ನೊಂದು, ಇನ್ನೊಬ್ಬರಿಗೆ ಎಂಟು ಬಂದರೆ ಬರಲಿ. ಕಣ್ಣಿಗೆ ಎಷ್ಟು ಚುಕ್ಕೆ ತಪ್ಪಿಹೋಗುತ್ತವೆಂದು ತಿಳಿಯುವುದೇ ಆ ವ್ಯತ್ಯಾಸದಿಂದ.

ಹತ್ತನೆಯ ತರಗತಿಯ ರಾಜಶ್ರೀ ಒಂದೊಂದು ಚಿತ್ರವನ್ನು ಮೂರು ಸಲ ಎಣಿಸಿದಳು. ಚೆನ್ನಾಗಿ ಎಣಿಸಿದವರಿಗೆ ಪುಣೆಯ ಶಿಬಿರಕ್ಕೆ ಕರೆ ಬರುವುದಿತ್ತು. "ಅವ್ರು ಕರದ್ರ ಸೈನ್ಸ್ ಕೊಡಸ್ತೇನ್ರಿ, ಇಲ್ಲಾಂದ್ರ ಆರ್ಟ್ಸ್ ಸಾಕ್ರಿ" ಎಂದು ಅವಳಪ್ಪ ನೀಲಪ್ಪ ನನ್ನೆದುರಿಗೇ ಹೇಳಿದ್ದರು.

ಕಳಿಸುವ ದಿನ ಬಸವಣ್ಣೆಪ್ಪನವರು ಪಟ್ಟಿ ತರಿಸಿಕೊಂಡರು.

"ಏನ್ರಿ ಮೇಡಂ ಇದು? ಒಬ್ಬರದು ಹನ್ನೊಂದು, ಒಬ್ಬರದು ಎಂಟು! ಸಾಲಿ ಮಾನ ಹೋಗ್ತೈತ್ರಿ."

"ಸರ್, ಅದು ಹಂಗ ಇರಬೇಕ್ರಿ."

"ಅಲ್ಲೀಮಟ ಹೋಗಿ ಎಣಿಸಿ ನೋಡಾವ್ರು ಯಾರ್ರೀ? ಸಹಿ ಮಾಡ್ರಿ."

ಮುಂದಿಟ್ಟ ಹೊಸ ಪಟ್ಟಿಯಲ್ಲಿ ಪ್ರತಿ ಚಿತ್ರಕ್ಕೂ ನಾಲ್ವರದೂ ಒಂದೇ ಅಂಕಿ ಮಾಡಿಟ್ಟಿದ್ದರು, ರಾಜಶ್ರೀಯದನ್ನೂ ತಿದ್ದಿ. ನಾನು ಅತಿಥಿ ಶಿಕ್ಷಕಿ. ವರ್ಷವರ್ಷ ನನ್ನ ಕೆಲಸ ಉಳಿಯುವುದು ಅವರ ಕೈಯಲ್ಲಿ. ಥೂ ನನ್ನ ಜನ್ಮಕ್ಕೆ! ಸಹಿ ಮಾಡಿದೆ.

ಮೇ ತಿಂಗಳಲ್ಲಿ ಪುಣೆಯಿಂದ ಪತ್ರ ಬಂತು. ನಾಲ್ವರ ಅಂಕಿಯೂ ಎಲ್ಲ ಕಡೆ ಒಂದೇ ಇರುವುದರಿಂದ ನಿಮ್ಮ ಶಾಲೆಯ ಎಣಿಕೆಯನ್ನು ಪೂರ್ತಿ ಕೈಬಿಟ್ಟಿದ್ದೇವೆ ಎಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಹೋಗ್ಲಿ ಬಿಡ್ರಿ, ಇದೇನ್ ಪರೀಕ್ಷಾಕ್ಕ ಬರ್ತೈತೇನು" ಎಂದು ಬಸವಣ್ಣೆಪ್ಪನವರು ಪತ್ರ ಮಡಚಿಟ್ಟರು.

ಮರುವಾರ ರಾಜಶ್ರೀ ಟಿ.ಸಿ. ಒಯ್ಯಲು ಆಫೀಸಿಗೆ ಬಂದಳು.

"ಅಕ್ಕೋರ, ಪುಣೇದವ್ರು ಕರೀಲಿಲ್ಲಲ್ರಿ. ನಾ ತಪ್ಪು ಎಣಿಸಿದ್ನೇನ್ರಿ?"

ಬಸವಣ್ಣೆಪ್ಪನವರು ಎದುರಿಗೇ ಕೂತಿದ್ದರು. ಮುಂದಿನ ವರ್ಷದ ನನ್ನ ನೇಮಕದ ಆದೇಶ ಇನ್ನೂ ಸಹಿಯಾಗದೆ ಅವರ ಮೇಜಿನ ಮೇಲೆಯೇ ಇತ್ತು.

"ಹೌದವಾ," ಎಂದೆ. "ಸ್ವಲ್ಪ ತಪ್ಪಿತ್ತು."

"ಮೂರ್‌ಮೂರು ಸಲ ಎಣಿಸಿದ್ದೆ ರೀ," ಎಂದಳು ಮೆಲ್ಲಗೆ. ಆಮೇಲೆ ಚೀಲದಿಂದ ಕಾಲೇಜಿನ ಅರ್ಜಿ ತೆಗೆದಳು. "ಪೆನ್ ಕೊಡ್ರಿ ಅಕ್ಕೋರ."

ಕೊಟ್ಟೆ. ನಿಂತಲ್ಲೇ ಆರ್ಟ್ಸ್ ಎಂದು ಬರೆದಳು. ಪೆನ್ನು ಹಿಂದಕ್ಕೆ ಕೊಟ್ಟು, ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.