ಸುಣ್ಣ ನುಂಗಿದ ಸೀಟಿ

ನಾನು ಒಂದು ಹಿತ್ತಾಳೆಯ ಸೀಟಿ. ಹುಟ್ಟಿದ್ದು ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ. ಬೆಸುಗೆ ಹಾಕುವ ಮುನ್ನ ಒಬ್ಬ ಮುದುಕ ನನ್ನ ಹೊಟ್ಟೆಯೊಳಗೆ ಬೆಂಡಿನ ಕಾಳೊಂದನ್ನು ಹಾಕಿದ. ಅಂದಿನಿಂದ ನನಗೆ ನೆಮ್ಮದಿ ಎಂಬುದಿಲ್ಲ. ಯಾರಾದರೂ ಊದಬೇಕು, ಕಾಳು ಕುಣಿಯಬೇಕು. ಇಲ್ಲದಿದ್ದರೆ ನನಗೆ ತಲೆ ಕೆಡುತ್ತದೆ.

ಮೊದಲು ನನ್ನನ್ನು ಕೊರಳಿಗೆ ಹಾಕಿಕೊಂಡವರು ಗಜೇಂದ್ರಗಡದ ಕಡೆಯ ಹಳ್ಳಿ ಶಾಲೆಯ ಗಾಣಿಗೇರ ಮಾಸ್ತರು. ಆಟ ಕಲಿಸಲು ನಿಂತರೆ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ. ನಿವೃತ್ತರಾದಾಗ ನನ್ನನ್ನು ತಮ್ಮ ಹಳೆಯ ವಿದ್ಯಾರ್ಥಿನಿ ಕಸ್ತೂರಿ ಹೂಗಾರಳ ಕೈಗಿಟ್ಟರು. ಖೋಖೋ ಅಂಕಣದಲ್ಲಿ ಅವಳನ್ನು ಮುಟ್ಟಿದವರೇ ಕಡಿಮೆ.

"ಬಿ.ಪಿ.ಎಡ್. ಕಲಿಯಾಕ ಹೊಂಟೀದಿ. ಇದು ನಿನಗ ಬೇಕಾಗತೈತಿ, ತಗೋ ಯವ್ವಾ," ಎಂದರು.

ಕಸ್ತೂರಿಯೂ ನನ್ನ ಜಾತಿಯವಳೇ, ಒಂದು ಕಡೆ ನಿಲ್ಲುವವಳಲ್ಲ. ಕಾಲೇಜಿನಲ್ಲಿ ಎಲುಬು, ಸ್ನಾಯುಗಳ ಪಾಠ ನಡೆಯುತ್ತಿದ್ದರೆ ಬೆಂಚಿನ ಕೆಳಗೆ ಅವಳ ಕಾಲುಗಳು ಓಡುತ್ತಿದ್ದವು. ಆದರೆ ನಾಲ್ಕು ಜನರ ಮುಂದೆ ನಿಂತಳೋ, ದನಿ ಗಂಟಲಲ್ಲೇ ಇಂಗಿ ಹೋಗುತ್ತಿತ್ತು. ಪಕ್ಕದ ಶಾಲೆಯ ಮಕ್ಕಳಿಗೆ ಆಟದ ಪಾಠ ಮಾಡಿ ತೋರಿಸಬೇಕಾದಾಗಲೆಲ್ಲ ಅವಳು ನನ್ನ ಹಿಂದೆ ಅಡಗುತ್ತಿದ್ದಳು. ಮಕ್ಕಳು ನಿಲ್ಲಲು ನಾನು, ಕೂರಲು ನಾನು, ಜಗಳ ಬಿಡಿಸಲೂ ನಾನು. ನನಗೆ ಹಬ್ಬವೋ ಹಬ್ಬ!

"ಸೀಟಿ ಕಲಿಸತೈತೋ, ನೀ ಕಲಿಸ್ತಿಯೋ?" ಎಂದು ಉಪನ್ಯಾಸಕರು ರೇಗುತ್ತಿದ್ದರು.

ಮೊದಲ ಸಲದ ಪಾಠದ ಪರೀಕ್ಷೆಯಲ್ಲಿ ದನಿ ಸಾಲದೆಂದು ಅವಳನ್ನು ನಪಾಸು ಮಾಡಿದರು. ಎರಡನೆಯ ಸಲವೂ ಹಾಗೇ ಆದರೆ ಪದವಿ ಕೈತಪ್ಪುತ್ತಿತ್ತು. ಆ ಪರೀಕ್ಷೆಯ ಹಿಂದಿನ ಸಂಜೆ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಯಾರೂ ಹೇಳದಿದ್ದರೂ ಮೈದಾನಕ್ಕೆಲ್ಲ ತಾನೇ ಗೆರೆ ಹಾಕುತ್ತ ಹೋದಳು. ಅವಳು ಬಾಗಿದಾಗಲೆಲ್ಲ ಕೊರಳಲ್ಲಿದ್ದ ನಾನು ಸುಣ್ಣದ ನೀರಿನ ಬಕೆಟ್ಟಿನಲ್ಲಿ ಮುಳುಗಿ ಮುಳುಗಿ ಎದ್ದೆ. ಅವಳು ಹೊರಮೈಯನ್ನಷ್ಟೇ ಒರೆಸಿದಳು. ಒಳಗೆ ಸುಣ್ಣ ಒಣಗಿ, ಕಾಳು ಗಟ್ಟಿಯಾಗಿ ಅಂಟಿಕೊಂಡಿತು.

ಮರುದಿನ ಪರೀಕ್ಷಕರು ಕುರ್ಚಿಯಲ್ಲಿ ಕುಳಿತರು. ಮಕ್ಕಳು ಆಗಲೇ ದಿಕ್ಕಾಪಾಲಾಗಿ ಓಡುತ್ತಿದ್ದರು, ಇಬ್ಬರಂತೂ ಮರಳುಗುಂಡಿಯಲ್ಲಿ ಜುಟ್ಟು ಹಿಡಿದುಕೊಂಡಿದ್ದರು. ಕಸ್ತೂರಿ ನನ್ನನ್ನು ಊದಿದಳು. ಫುಸ್! ಮತ್ತೆ ಊದಿದಳು. ಗಾಳಿ ಬಂತೇ ಹೊರತು ದನಿ ಬರಲಿಲ್ಲ. ನನಗೆ ಸತ್ತುಹೋಗಬೇಕೆನ್ನಿಸಿತು. "ನಿಲ್ರಿ..." ಎಂದಳು. ಅದು ಅವಳ ಎದೆಯ ಮೇಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಪರೀಕ್ಷಕರು ಪೆನ್ನು ತೆಗೆದರು.

ಆಗ ಅವಳ ಹೊಟ್ಟೆಯಿಂದ ಆ ಕೂಗು ಎದ್ದಿತು.

"ಖೋ!"

ಚಿಕ್ಕಂದಿನಿಂದ ಅಂಕಣದಲ್ಲಿ ಯೋಚಿಸದೆ ಕೂಗಿದ ಕೂಗು. ಮೈದಾನವೆಲ್ಲ ಗಪ್ಪಾಯಿತು. ಮರಳುಗುಂಡಿಯಿಂದ ಒಬ್ಬ ತಲೆಯೆತ್ತಿ, "ಯಾರಿಗ್ರಿ ಟೀಚರ್?" ಎಂದ.

"ಎಲ್ಲಾರಿಗೂ! ಬರ್ರಿ, ಸಾಲಾಗಿ ಕುಂದರ್ರಿ!"

ಬಂದ ದನಿ ಮತ್ತೆ ಒಳಗೆ ಹೋಗಲಿಲ್ಲ. ಮಕ್ಕಳು ಬಂದು ಕೂತರು, ಎದ್ದರು, ಜಿಗಿದರು, ನಕ್ಕರು. ಪಾಠ ಮುಗಿದಾಗ ಪರೀಕ್ಷಕರು, "ಈ ಆಜ್ಞೆ ಯಾವ ಪುಸ್ತಕದಾಗೂ ಇಲ್ಲವ್ವಾ. ಆದರ ಹುಡುಗರು ಕೇಳ್ಯಾರ, ಇನ್ನೇನ್ ಬೇಕು?" ಎಂದು ಪಾಸು ಮಾಡಿದರು.

ಈಗ ಕಸ್ತೂರಿ ಒಂದು ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ನಾನು ಆ ಸುಣ್ಣವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ ಒಂದು ಮೊಳೆಗೆ ತೂಗುತ್ತಿದ್ದೇನೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ನನಗೂ ಕುಂಕುಮ ಹಚ್ಚುತ್ತಾಳೆ, ಕಣ್ಣಿಗೊತ್ತಿಕೊಳ್ಳುತ್ತಾಳೆ, ಮತ್ತೆ ಅಲ್ಲೇ ತೂಗುಹಾಕುತ್ತಾಳೆ. ದಿನವೂ ಕಿಟಕಿಯಿಂದ ಅವಳ ದನಿ ಬಂದು ಅಪ್ಪಳಿಸುತ್ತದೆ. ಹೆಮ್ಮೆಯಾಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಅವಳಿಗಾಗಿ ಅಷ್ಟು ಕಾಲ ಕೂಗಿದೆ. ಅವಳಿಗೆ ನಿಜವಾಗಿ ಬೇಕಾಗಿದ್ದದ್ದು ನಾನು ಬಾಯಿ ಮುಚ್ಚುವುದು. ಇದನ್ನು ಒಪ್ಪಿಕೊಳ್ಳಲು ನನ್ನಿಂದ ಇನ್ನೂ ಆಗುತ್ತಿಲ್ಲ.