ಕುಯ್ದ ಸೀಟು

ಚಾಮುಂಡಮ್ಮ ಕುರ್ಚಿಯಿಂದ ಬಗ್ಗಿ ಗಂಡನ ಹಣೆಗೆ ವಿಭೂತಿ ಎಳೆಯುತ್ತಿದ್ದಾಗ ಅಂಗಳದಲ್ಲಿ ಬಾನೆಟ್ ಎತ್ತಿದ ಸದ್ದು ಕೇಳಿಸಿತು. ಈ ಮನೆಯಲ್ಲಿ ಆ ಬಾನೆಟ್ ಎತ್ತುತ್ತಿದ್ದವರು ಒಬ್ಬರೇ. ಅವರು ಈಗ ಚಾಪೆಯ ಮೇಲೆ ಉಸಿರಿಲ್ಲದೆ ಮಲಗಿದ್ದರು.

ಚಾಮುಂಡಮ್ಮ ಕೂತಲ್ಲಿಂದಲೇ ಕತ್ತು ಚಾಚಿ ಕಿಟಕಿಯಾಚೆ ನೋಡಿದರು. ಮೈದುನ ಯೋಗೇಂದ್ರ ಪಂಚೆ ಎತ್ತಿ ಕಟ್ಟಿ ಹಳೆಯ ಸ್ಟೇಷನ್ ವ್ಯಾಗನ್ನಿನ ಇಂಜಿನ್ ಮೇಲೆ ಬಗ್ಗಿದ್ದ. ಮೊಬೈಲಿನ ಬೆಳಕು ಹಿಡಿದು ನಿಂತಿದ್ದವನು ಹಳೇ ಕಾರುಗಳ ವ್ಯಾಪಾರಿ ವಾಗೀಶ. ಯೋಗೇಂದ್ರ ಗ್ರೀಸನ್ನು ಬೆರಳಲ್ಲೇ ಕೆರೆದು ಕೆರೆದು ಬಣ್ಣ, ಸೀಟುಗಳ ಗುರುತಿಗೆ ಕಂಪನಿಯವರು ಅಂಕಿ ಕೊರೆದಿದ್ದ ತಗಡನ್ನು ಹುಡುಕಿದ.

"ಇಲ್ಲೈತೆ ನೋಡಿ ನಂಬರು."

ವಾಗೀಶ ಓದಿಕೊಂಡ. "ಇದು ಪೇಂಟಿಂದು. ತಿಳಿ ಹಸಿರು, ಮೇಲ್ಗಡೆ ಕೆನೆ ಬಣ್ಣ. ಸರಿಯಾಗೈತೆ. ಇದು ಸೀಟಿಂದು. ಮರೂನ್ ರೆಕ್ಸಿನ್ನು, ಮುಂದೆ ಒಂದೇ ಉದ್ದ ಸೀಟು." ಬಾಗಿಲು ತೆಗೆದು ಇಣುಕಿ ಮುಖ ಸಿಂಡರಿಸಿದ. "ಇದೇನ್ರೀ, ಸೀಟ್ನ ಕುಯ್ದು ಎರಡು ಮಾಡವ್ರೆ? ಯಾರೋ ತಲೆಕೆಟ್ಟೋನು ಚಿನ್ನದಂಥ ಗಾಡೀನ ಕೆಡಿಸ್ಬುಟ್ಟವ್ನೆ."

"ನಮ್ಮಣ್ಣನ ಬುದ್ಧಿ ಅಷ್ಟೇ ಬುಡಿ," ಎಂದು ಯೋಗೇಂದ್ರ ನಕ್ಕ.

ಊದುಬತ್ತಿಯ ಹೊಗೆ, ಬಾಡುತ್ತಿದ್ದ ಸುಗಂಧರಾಜದ ವಾಸನೆ, ಅದರ ಮೇಲೆ ಆ ನಗು. ಚಾಮುಂಡಮ್ಮ ವಿಭೂತಿಯ ಬಟ್ಟಲಿಗೆ ಮತ್ತೆ ಬೆರಳಿಟ್ಟರು.

*

ಅವರ ಗಂಡ ಗೋವಿಂದರಾಜು ಅಗ್ರಹಾರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಸ್ಪೀಕರ್ ಸಾಗಿಸಲೆಂದು ಲಕ್ಷ್ಮೀಪುರಂನ ಯಾರದೋ ಬಂಗಲೆಯಿಂದ ಆ ಗಾಡಿ ತಂದಾಗ ಅದಕ್ಕೆ ಮೈಯೆಲ್ಲ ಕಪ್ಪು ಬಣ್ಣ. ತಗಡಿನ ಅಂಕಿಗಳ ಅರ್ಥವನ್ನು ಅವರಿವರ ಹತ್ತಿರ ಕೇಳಿ ಬಿಡಿಸಿಕೊಂಡರು. ಬಾಗಿಲ ಸಂದಿಯಲ್ಲಿ ಕಪ್ಪು ಕೆರೆದಾಗ ಅಂಕಿ ಹೇಳಿದ ಹಸಿರೇ ಕಾಣಿಸಿತು. ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆತಂದು ತೋರಿಸಿದ್ದರು. ಅಲ್ಲಿಂದ ಮುಂದೆ ತಗಡು ಹೇಳಿದ್ದೇ ಕಟ್ಟಳೆ. ಮಗಳು ತನುಶ್ರೀ ಆಸೆಪಟ್ಟು ತಂದ ಗಡಿಯಾರವನ್ನೂ, ಕಂಪನಿಯವರು ಇಟ್ಟಿರಲಿಲ್ಲವೆಂದು ಗಾಡಿಯೊಳಗೆ ಬಿಟ್ಟುಕೊಳ್ಳಲಿಲ್ಲ.

ಆಮೇಲೆ ಚಾಮುಂಡಮ್ಮ ಬಸ್ಸಿನಿಂದ ಬಿದ್ದರು. ಎಡಮಂಡಿ ಮತ್ತೆ ಮಡಚಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದದ್ದು ಗಾಡಿಯ ಹಿಂದುಗಡೆ, ಸ್ಪೀಕರ್ ಪೆಟ್ಟಿಗೆಗಳ ನಡುವೆ ಕಾಲು ನೀಡಿಕೊಂಡು. ಸಾಮಾನಿನ ಥರ ಬಂದೆನಲ್ಲ ಎಂದು ದಾರಿಯುದ್ದಕ್ಕೂ ಅತ್ತಿದ್ದರು.

ಆ ಭಾನುವಾರ ಗೋವಿಂದರಾಜು ಗರಗಸ ಹಿಡಿದು ಮುಂದಿನ ಸೀಟಿನ ಮುಂದೆ ಕೂತಿದ್ದರು. ಎಡಗಡೆಯ ಅರ್ಧವನ್ನು ಬೇರ್ಪಡಿಸಿ ಕಾಲು ಚಾಚುವಷ್ಟು ಹಿಂದಕ್ಕೆ ಕೂರಿಸುವ ಯೋಚನೆ.

"ಒಂದೇ ಸೀಟು ಇರ್ಬೇಕು ಅಂತ ನೀವೇ ಹೇಳ್ತಿದ್ರಲ್ಲ?"

"ಕಂಪನಿಯೋರು ನಿನ್ನ ಕಾಲು ನೋಡಿರ್ಲಿಲ್ಲ ಕಣೆ," ಎಂದು ಅವರು ಕುಯ್ಯತೊಡಗಿದರು.

*

"ಬಾಯಿಗೆ ಅಕ್ಕಿ ಹಾಕೋರು ಬನ್ನಿ," ಎಂದು ಪಕ್ಕದ ಮನೆಯ ಹಿರಿಯರಾದ ಸದಾಶಿವಯ್ಯ ಕೂಗಿದರು.

ಯೋಗೇಂದ್ರ ಎಲ್ಲರಿಗಿಂತ ಮೊದಲು ಒಳಗೆ ಬಂದ. ಈಗ ಕಣ್ಣಲ್ಲಿ ನೀರಿತ್ತು. ಹಿಡಿ ಅಕ್ಕಿ ತೆಗೆದುಕೊಂಡು ಅಣ್ಣನ ಮುಖದ ಮೇಲೆ ಬಗ್ಗಿದ. ಬೆರಳ ಸಂದಿಯಲ್ಲಿ ಅಕ್ಕಿಕಾಳು ಕರ್ರಗಾಗಿತ್ತು. ಚಾಮುಂಡಮ್ಮ ಅವನ ಮಣಿಕಟ್ಟು ಹಿಡಿದರು.

"ಬ್ಯಾಡ. ಆ ಕೈ ಅವರ ಬಾಯಿ ಹತ್ರ ತರ್ಬೇಡ."

"ಅತ್ತಿಗೆ, ಗ್ರೀಸು ಅಷ್ಟೇಯ. ಅಣ್ಣಂಗೇನು ಹೊಸ್ದಾ?"

"ಅವರು ತುತ್ತು ಮುಟ್ಟೋಕೆ ಮುಂಚೆ ತೊಳೀತಿದ್ರು. ನೀನೂ ತೊಳ್ಕೊಂಡ್ ಬಾ."

ಕೂಡಿದ್ದವರೆಲ್ಲ ಅವನ ಕೈಯನ್ನೇ ನೋಡಿದರು. ಅವನು ಹಿತ್ತಲಿಗೆ ಹೋದ. ಬಾಗಿಲಲ್ಲಿ ನಿಂತಿದ್ದ ವಾಗೀಶ ದನಿ ತಗ್ಗಿಸಿ, "ಅಮ್ಮ, ಆ ಸೀಟಿನ ಚಿಂತೆ ಬುಡಿ, ನಾನೇ ಒರಿಜಿನಲ್ ಹಾಕಿಸ್ಕತೀನಿ," ಎಂದ.

ಚಾಮುಂಡಮ್ಮ ಮಗಳತ್ತ ತಿರುಗಿದರು. "ತನು, ಗಾಡಿ ತೆಗಿಯಮ್ಮ. ನಾನೂ ಸ್ಮಶಾನಕ್ಕೆ ಬತ್ತೀನಿ."

ಹೆಂಗಸರು ಹೋಗುವುದುಂಟೇ ಎಂದು ಯಾರೋ ಗೊಣಗಿದರು. "ಬರ್ಲಿ ಬುಡಿ," ಎಂದರು ಸದಾಶಿವಯ್ಯ. ಉಳಿದವರು ಅಕ್ಕಿ ಹಾಕಿದ ಮೇಲೆ ಹೆಣವನ್ನು ಚಟ್ಟಕ್ಕೇರಿಸಿ ತಾವೇ ಹೆಗಲು ಕೊಟ್ಟರು.

ಚಟ್ಟ ಬೀದಿಗಿಳಿಯಿತು. ಚಾಮುಂಡಮ್ಮ ಕುಯ್ದ ಸೀಟಿನಲ್ಲಿ ಕಾಲು ನೀಡಿ ಕೂತರು. ತನುಶ್ರೀ ಗಾಡಿ ತಿರುಗಿಸುವಾಗ ಹಿತ್ತಲ ನಲ್ಲಿ ಕಾಣಿಸಿತು. ಯೋಗೇಂದ್ರ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುವ ನಾರಿನಿಂದ ಬೆರಳುಗಳನ್ನು ತಿಕ್ಕುತ್ತಿದ್ದ. ಕಪ್ಪು ನೊರೆ ಮೊಣಕೈವರೆಗೂ ಹರಡಿ, ಹೊಸ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು.