ಸುಳ್ಳುಹುಲ್ಲಿನ ಅಂಗಳ

ಬೆಳಗ್ಗೆ ಆರೂವರೆಗೆ ಮಳೆ ನಿಂತಿತು. ಏಳೂವರೆಗೆ ಷಡಕ್ಷರಿಯ ಅಂಗಳದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಟ ನಡೆಯುತ್ತಿತ್ತು.

ಮಾಂಬಳ್ಳಿಯಲ್ಲಿ ಅಲ್ಲಿಯತನಕ ಹೀಗೆ ಆಗಿರಲಿಲ್ಲ. ಊರಿನ ಆ ಬೀದಿಯ ನೆಲ ಜೇಡಿಮಣ್ಣಿನದು. ಒಂದು ಮಳೆ ಬಿದ್ದರೆ ನೀರು ಇಂಗದೆ ಮೇಲೆಯೇ ನಿಲ್ಲುತ್ತಿತ್ತು. ಉಣ್ಣೆಯ ಚೆಂಡು ಒಮ್ಮೆ ಅದರಲ್ಲಿ ಬಿದ್ದರೆ ಒದ್ದೆ ಮುದ್ದೆಯಾಗಿ ಬ್ಯಾಟಿನಿಂದ ಏಳುತ್ತಿರಲಿಲ್ಲ. ಮಳೆ ಬಂದ ವಾರ ಆಟವಿಲ್ಲ ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಷಡಕ್ಷರಿಯ ಅಂಗಳದ ಗೋಡೆಯ ಈಚೆ ಮನೆ ರುದ್ರಸ್ವಾಮಿಯದು. ಷಡಕ್ಷರಿ ಅವನ ಚಿಕ್ಕಪ್ಪನ ಮಗ. ಊರಿನ ತಂಡ ಹುಟ್ಟಿದ್ದು ರುದ್ರಸ್ವಾಮಿಯ ಅಂಗಳದಲ್ಲಿ. ಮಂಡಿನೋವು ಬಂದು ಆಟ ಬಿಡುವವರೆಗೆ ಅವನೇ ನಾಯಕ. ಆಟ ಬಿಟ್ಟ ಮೇಲೂ ಬಲೆ ಕಟ್ಟುತ್ತಿದ್ದುದು ಅವನ ಕಂಬಗಳಿಗೇ. ಕೊಳ್ಳೇಗಾಲದಿಂದ, ಹನೂರಿನಿಂದ ಬಂದವರು ಅವನ ಜಗಲಿಯ ಮೇಲೆ ಕಾಫಿ ಕುಡಿದು ಹೋಗುತ್ತಿದ್ದರು. ಈಗ ಆ ಕಂಬಗಳಿಗೆ ಹಗ್ಗ ಕಟ್ಟಿ ಅವನ ಹೆಂಡತಿ ಶಂಕರಮ್ಮ ಸೀರೆ ಒಣಹಾಕುತ್ತಿದ್ದಳು.

ಅದು ೧೯೬೭ರ ಸೆಪ್ಟೆಂಬರ್. ಮುಂದಿನ ತಿಂಗಳು ಹನೂರಿನ ತಂಡದ ಜೊತೆ ಪಂದ್ಯವಿತ್ತು. ಯಾರ ಅಂಗಳದಲ್ಲಿ ಎಂಬುದನ್ನು ಕ್ಲಬ್ಬಿನ ಕಾರ್ಯದರ್ಶಿ ಗುರುಪಾದಸ್ವಾಮಿ ಮೇಷ್ಟ್ರು ತೀರ್ಮಾನಿಸಬೇಕಿತ್ತು.

ಆ ಬೆಳಗ್ಗೆ ರುದ್ರಸ್ವಾಮಿ ಟವೆಲ್ ಹೆಗಲಿಗೆ ಹಾಕಿಕೊಂಡು ಗೋಡೆ ಸುತ್ತಿ ಹೋದ. ಅಂಗಳದ ತುಂಬ ಹಸಿರು ಬಣ್ಣ ಹಾಕಿದ ತೆಂಗಿನ ನಾರಿನ ಚಾಪೆಗಳನ್ನು ಅಂಚಿಗೆ ಅಂಚು ಹೊಲಿದು ಹಾಸಿತ್ತು. ಊರವರು ಅದಕ್ಕಾಗಲೇ ಸುಳ್ಳುಹುಲ್ಲು ಎಂದು ಹೆಸರಿಟ್ಟಿದ್ದರು. ಅವನು ಬರಿಗಾಲಲ್ಲಿ ಅದರ ಮೇಲೆ ನಡೆದು ನೋಡಿದ. ಪಾದಕ್ಕೆ ತೇವ ತಾಗಿತು, ಕೆಸರು ತಾಗಲಿಲ್ಲ.

"ದನ ಬುಟ್ಟಿಲ್ವಾ ಮೇಯಕ್ಕೆ?" ಎಂದ.

"ಬುಟ್ಟಿದ್ದೆ ಕಣಣ್ಣ. ಮೂಸ್ ನೋಡ್ಬುಟ್ಟು ನನ್ನನ್ನೇ ಬೈಕಂಡು ಓಯ್ತು," ಎಂದ ಷಡಕ್ಷರಿ. ಆಡುತ್ತಿದ್ದವರು ನಕ್ಕರು.

"ನೀರು ಎಲ್ಗೋಯ್ತಲಾ?"

ಷಡಕ್ಷರಿ ಮುಚ್ಚಿಡಲಿಲ್ಲ. ಜೇಡಿಯನ್ನು ಮೊಣಕಾಲುದ್ದ ತೆಗೆಸಿದ್ದ. ತಳವನ್ನು ನಡುವಿನಿಂದ ಎರಡೂ ಬದಿಗೆ ಇಳಿಜಾರು ಮಾಡಿಸಿದ್ದ. ಅಡ್ಡಡ್ಡ ಕಾಲುವೆ ತೋಡಿಸಿ ದಪ್ಪ ಕಲ್ಲು ತುಂಬಿಸಿ, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಸುವರ್ಣಾವತಿ ಹೊಳೆಯ ಮರಳು, ಮರಳಿನ ಮೇಲೆ ಚಾಪೆ. ಚಾಪೆಯಿಂದ ಇಳಿದ ನೀರು ಕಲ್ಲಿನ ಸಂದಿಯಲ್ಲಿ ಹರಿದು ಬದಿಯ ಚರಂಡಿ ಸೇರಿ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಅವನು ಒಂದು ಮೂಲೆಯಲ್ಲಿ ಚಾಪೆ ಎತ್ತಿ ಮರಳನ್ನು ಬೆರಳಿಂದ ಕೆದಕಿ ತೋರಿಸಿದ.

ಮುಚ್ಚಿಟ್ಟಿದ್ದರೆ ರುದ್ರಸ್ವಾಮಿಗೆ ಬೈಯಲು ಒಂದು ಕಾರಣವಾದರೂ ಸಿಗುತ್ತಿತ್ತು. ತನಗೆ ಯಾರೂ ಸಾಟಿಯಿಲ್ಲ ಎಂದುಕೊಂಡವನು ಮಾತ್ರ ಹೀಗೆ ಎಲ್ಲವನ್ನೂ ಹೇಳಿಬಿಡುತ್ತಾನೆ ಎಂದು ಅವನಿಗನ್ನಿಸಿತು. ಆ ಬೆಳಗಿನ ಉಪ್ಪಿಟ್ಟನ್ನು ಅವನು ಅರ್ಧಕ್ಕೆ ಬಿಟ್ಟು ಎದ್ದ.

ಮರುವಾರವೇ ಅವನ ಅಂಗಳಕ್ಕೂ ಗುದ್ದಲಿ ಬಿತ್ತು. ಷಡಕ್ಷರಿಯದಕ್ಕಿಂತ ಆಳ ಇರಲಿ ಎಂದ, ಇತ್ತು. ಕಾಲುವೆ ಅಗಲ ಇರಲಿ ಎಂದ, ಇತ್ತು. ಮರಳನ್ನು ಜರಡಿ ಹಿಡಿಸಿದ. ಷಡಕ್ಷರಿಯವು ತೊಳೆದ ಪಾಚಿಯ ಬಣ್ಣದ ಚಾಪೆಗಳು, ತನಗೆ ಅದಕ್ಕಿಂತ ಕಡುಹಸಿರಿನವು ಬೇಕು ಎಂದು ಕೊಳ್ಳೇಗಾಲದ ವ್ಯಾಪಾರಿಗೆ ಹೇಳಿಕಳಿಸಿದ. ಚಾಪೆ ಬಂದಿದೆ ಎಂದು ಸುದ್ದಿ ಬಂದಾಗ ತರಲು ತಾನೇ ಬಸ್ಸು ಹತ್ತಿದ. ಸಂಜೆ ಲಾರಿಯಲ್ಲಿ ಮರಳುವ ಹೊತ್ತಿಗೆ ಕತ್ತಲಾಗುತ್ತಿತ್ತು. ಆಳುಗಳು ಲಾಟೀನು ಹಿಡಿದು ಚಾಪೆ ಹಾಸಿ ಗೂಟ ಬಡಿದರು.

ಮೇಷ್ಟ್ರು ಎರಡೂ ಅಂಗಳ ನೋಡಿ, "ಎರಡೂ ಚೆಂದಾಗವೆ. ಒಂದು ಮಳೆ ಬರ್ಲಿ, ಮಾರನೆ ಬೆಳಗ್ಗೆ ಬತ್ತೀನಿ. ಕಾಲು ಒಣಗಿರೋ ಕಡೆ ಪಂದ್ಯ," ಎಂದರು.

ಆ ಮಳೆ ಶುಕ್ರವಾರ ಬಂತು.

ಶನಿವಾರ ಬೆಳಗ್ಗೆ ಮೇಷ್ಟ್ರು ಮೊದಲು ರುದ್ರಸ್ವಾಮಿಯ ಅಂಗಳಕ್ಕೆ ಕಾಲಿಟ್ಟರು. ಚಾಪೆ ಕೆಳಗಿಳಿದು, ಅದರ ಮೇಲೆ ನೀರು ಉಕ್ಕಿ, ಹಸಿರು ಬಣ್ಣ ಬಿಟ್ಟು ಅವರ ಪಂಚೆಯಂಚಿಗೆ ಹತ್ತಿತು. ಅವರು ಪಂಚೆ ಎತ್ತಿ ಕಟ್ಟಿ ಗೋಡೆಯಾಚೆ ಹೋದರು.

ರುದ್ರಸ್ವಾಮಿ ಗೂಟ ಕಿತ್ತು ಚಾಪೆ ಮಡಚಿದ. ಕೆಳಗೆ ಮರಳು ಕಾಣಲಿಲ್ಲ. ನುಣ್ಣಗೆ ಬಳಿದ, ಕಪ್ಪುಹಸಿರಿನ, ಗಟ್ಟಿ ನೆಲ ಇತ್ತು. ಅದರ ಮೇಲೆ ನೀರು ತಟ್ಟೆಯಲ್ಲಿ ನಿಂತಂತೆ ನಿಂತಿತ್ತು.

"ಇದೇನೇ ಇದು?"

ಶಂಕರಮ್ಮ ಬಾಗಿಲಿಗೆ ಬಂದಳು. "ಸಾರ್ಸಿವ್ನಿ. ನೀವು ಕೊಳ್ಳೇಗಾಲಕ್ಕೆ ಓಗಿದ್ರಲ್ಲ, ಆವತ್ತು. ಬರೀ ಮರಳ್ಗೆ ಸಗಣಿ ನಿಲ್ನಿಲ್ಲ ಕಣ್ರಿ. ಅದ್ಕೆ ಜೇಡಿ ಕಲಸಿ ಎದುರ್ಮನೆ ಶಿವನಂಜಮ್ಮನೂ ನಾನೂ ಕಣ ಸಾರ್ಸೋ ಅಂಗೆ ಮೆತ್ತಿ ಬಳುದ್ವಿ. ಸೊಂಟ ಬಿದ್ದೋಯ್ತು."

"ಯಾವನೇ ಸಾರ್ಸು ಅಂದವ್ನು?"

"ಅನ್ನಬೇಕಾ? ನಾಕ್ ಊರ್ ಜನ ಬಂದು ನಿಲ್ಲೋ ಜಾಗ. ಸಾರ್ಸ್ದೆ ಇರೋ ನೆಲದ ಮ್ಯಾಗೆ ಯಾರಾದ್ರೂ ಚಾಪೆ ಆಸ್ತಾರಾ?"

ಕಣ ಸಾರಿಸುವುದು ಒಂದು ಕಾಳೂ ಮಣ್ಣಿಗಿಳಿಯದಿರಲಿ ಎಂದು. ಅವರಿಬ್ಬರೂ ಕೆಲಸವನ್ನು ಚೆನ್ನಾಗಿ ಮಾಡಿದ್ದರು. ನೀರೂ ಇಳಿದಿರಲಿಲ್ಲ.

"ಆ ಮನೇಲಿ ಯಾಕೆ ಸಾರ್ಸ್ನಿಲ್ಲ ಮತ್ತೆ?" ಎಂದ ರುದ್ರಸ್ವಾಮಿ.

"ಅಲ್ಯಾರವ್ರೆ ಸಾರ್ಸಕ್ಕೆ? ಗುರುಬಸಮ್ಮ ಬಾಣಂತನಕ್ಕೆ ತೌರ್ಗೋಗಿ ಎರಡ್ ತಿಂಗಳಾಯ್ತು."

ರುದ್ರಸ್ವಾಮಿ ಜಗಲಿಯ ಅಂಚಿಗೆ ಕುಳಿತ. ಷಡಕ್ಷರಿಗೆ ಬುದ್ಧಿ ಹೆಚ್ಚು ಎಂದು ಒಪ್ಪಿಕೊಳ್ಳಲು ಅವನು ಆ ಬೆಳಗ್ಗೆ ಹೇಗೋ ಮನಸ್ಸು ಗಟ್ಟಿಮಾಡಿಕೊಳ್ಳುತ್ತಿದ್ದ. ಹೆಂಡತಿ ಮನೆಯಲ್ಲಿಲ್ಲದ್ದರಿಂದ ಗೆದ್ದ ಎಂಬುದನ್ನು ಒಪ್ಪಲು ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಷಡಕ್ಷರಿ ಬಂದ. ನೆಲ ನೋಡಿದ, ಅತ್ತಿಗೆಯನ್ನು ನೋಡಿದ, ನಗಲಿಲ್ಲ.

"ಅಣ್ಣ, ಅಷ್ಟೂ ಕೆರುದ್ ತಗುದ್ರೆ ಕೆಳಗ್ಲ ಕೆಲ್ಸ ಎಲ್ಲಾ ಸರಿಯಾಗೇ ಅದೆ. ನನ್ನದ್ಕಿಂತ ಚೆಂದಾಗದೆ. ನಾಕ್ ಆಳು ಕಳುಸ್ಲಾ? ಪಂದ್ಯ ಇಲ್ಲೇ ಆಡವ, ಮೇಷ್ಟ್ರಿಗೆ ನಾನು ಏಳ್ತೀನಿ."

"ನೀನು ಕೊಟ್ಟು ನಾನು ಈಸ್ಕಳದಾ?"

"ಅಂಗಲ್ಲ ಕಣಣ್ಣ."

"ಓಗ್ಲಾ, ನಿನ್ನ ಉಲ್ಲು ಒಣಗ್ತದೆ. ನೀರಾಕೋಗು."

ಶಂಕರಮ್ಮ ಕೆರೆಯಲು ಸಲಿಕೆ ತಂದಳು. ರುದ್ರಸ್ವಾಮಿ ಅದನ್ನು ಅವಳ ಕೈಯಿಂದ ತೆಗೆದು ಕೊಟ್ಟಿಗೆಯಲ್ಲಿಟ್ಟ. ಚಾಪೆಗಳನ್ನು ಸುತ್ತಿ ರಾಗಿ ಮೂಟೆಗಳ ಮೇಲೆ ಒಟ್ಟಿದ.

ಪಂದ್ಯ ಅಕ್ಟೋಬರ್‌ನ ಮೂರನೆಯ ಭಾನುವಾರ ಷಡಕ್ಷರಿಯ ಅಂಗಳದಲ್ಲಿ ನಡೆಯಿತು. ಹಿಂದಿನ ದಿನ ಮಳೆಯಾಗಿತ್ತು, ಆಟಕ್ಕೆ ಅಡ್ಡಿಯಾಗಲಿಲ್ಲ. ರುದ್ರಸ್ವಾಮಿ ಹನೂರಿನವರ ಬೆಂಚಿನ ತುದಿಯಲ್ಲಿ ಕುಳಿತಿದ್ದ. ಮಾಂಬಳ್ಳಿ ಸೋತಾಗ ಅವನು ಅವರ ಜೊತೆ ಚಪ್ಪಾಳೆ ತಟ್ಟಿದ.